ಗೇಟಿಲ್ಲದ ಟೋಲು

ಮೊದಲ ಕಾಗದ ಬಂದಾಗ ನನಗೆ ಸಂತೋಷವಾಯಿತು. ಈಗ ಇಲ್ಲ ಎಂದು ಸುಳ್ಳು ಹೇಳಿ ಏನು ಪ್ರಯೋಜನ?

ಜೂನ್ ತಿಂಗಳು. ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಗಾಡಿಗೆ ಹತ್ತಿಸಿ, ಡೈರಿಯ ನೆಲ ತೊಳೆಯುತ್ತಿದ್ದೆ. ವಕ್ಕಲೇರಿಯ ಮಹಿಳಾ ಹಾಲು ಸಂಘಕ್ಕೆ ನಾನೇ ಕಾರ್ಯದರ್ಶಿ, ಹೆಸರು ಗಂಗಾಲಕ್ಷ್ಮಿ. ಹದಿನಾಲ್ಕು ವರ್ಷದಿಂದ ಊರವರ ಹಾಲಿನ ಫ್ಯಾಟು ನೋಡುತ್ತಾ ಬಂದಿದ್ದೇನೆ. ಯಾರು ನೀರು ಬೆರೆಸಿ ತಂದಿದ್ದಾರೆ ಎಂಬುದು ಮಿಷನ್ನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ, ಅವರ ಮುಖ ನೋಡಿದರೆ ಸಾಕು. ಪೋಸ್ಟಿನ ಮುನಿಕೃಷ್ಣ ಸೈಕಲ್ ನಿಲ್ಲಿಸಿ ಒಂದು ಬಿಳೀ ಕವರು ಚಾಚಿದ.

"ಗಂಗಕ್ಕಾ, ಫಾರಿನ್ನಿಂದ ಬಂದೈತೆ. ಸ್ಟ್ಯಾಂಪೇ ಇಲ್ಲ ನೋಡಿ, ಬರೀ ಸೀಲು."

ಮೇಲೆ ಧನಶ್ರೀಯ ಹೆಸರಿತ್ತು. ಧನಶ್ರೀ ನನ್ನ ವಾರಗಿತ್ತಿ, ಮೈದುನ ನಂದೀಶನ ಹೆಂಡತಿ. ಅವರು ಕೋಲಾರಕ್ಕೆ ಹೋಗಿ ಡ್ರಿಪ್ ಪೈಪಿನ ಅಂಗಡಿ ಇಟ್ಟು ಒಂಬತ್ತು ವರ್ಷವಾಯಿತು. ಆದರೂ ಆಧಾರು, ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು ಎಲ್ಲದರಲ್ಲೂ ವಿಳಾಸ ವಕ್ಕಲೇರಿಯ ಮನೆಯದೇ. ಜಮೀನು ಜಂಟಿಯಲ್ಲಿದೆ, ವಿಳಾಸ ಬದಲಾಯಿಸಿದರೆ ಎಲ್ಲಿ ಹಕ್ಕು ಕಡಿಮೆಯಾದೀತೋ ಎಂದು ನಂದೀಶನಿಗೆ ಭಯ. ಹಾಗಾಗಿ ಅವರ ಕಾಗದಗಳೆಲ್ಲ ನನ್ನ ಕೈಗೆ ಬರುತ್ತವೆ, ಭಾನುವಾರ ಅವರು ಊಟಕ್ಕೆ ಬಂದಾಗ ಕೊಡುತ್ತೇನೆ. ಇನ್ನೊಬ್ಬರ ಕವರು ಒಡೆದವಳಲ್ಲ ನಾನು. ಇದೊಂದನ್ನು ಒಡೆದೆ.

ಯಾಕೆಂದರೆ ಅದು ಐರ್ಲೆಂಡಿನದು. ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿ ಬಂದಿದ್ದರು. ಧನಶ್ರೀಯ ತಂಗಿ ಅಲ್ಲಿ ನರ್ಸು. ಹೊಸ ಮನೆ ಕೊಂಡಳಂತೆ, ತಾಯಿಯಿಲ್ಲದ ಮಕ್ಕಳು, ಅಕ್ಕನೇ ಬಂದು ಹಾಲುಕ್ಕಿಸಬೇಕು ಎಂದು ಟಿಕೆಟ್ಟು ಕಳಿಸಿದಳು. ಇಪ್ಪತ್ತು ದಿನ ಅವರು ಅಲ್ಲಿ, ಅವರ ಎರಡು ಮಕ್ಕಳು ಇಲ್ಲಿ ನನ್ನ ಹತ್ತಿರ. ಒಂದಕ್ಕೆ ಮುದ್ದೆ ಸೇರುವುದಿಲ್ಲ, ಇನ್ನೊಂದಕ್ಕೆ ಮುದ್ದೆ ಬಿಟ್ಟರೆ ಬೇರೇನೂ ಸೇರುವುದಿಲ್ಲ. ನಾನು ಎರಡು ಥರದ ಅಡುಗೆ ಮಾಡಿ ಕೈ ಒರೆಸಿಕೊಂಡು ಫೋನ್ ತೆಗೆದರೆ ಮನೆಯವರ ಗ್ರೂಪಿನಲ್ಲಿ ಸಮುದ್ರ, ಹಸಿರು ಗುಡ್ಡ, ಕುರಿ, ಮತ್ತೆ ಸಮುದ್ರ. ನಾಲ್ಕು ದಿನಕ್ಕೆ ಬಾಡಿಗೆ ಕಾರು ತೆಗೆದುಕೊಂಡು ಊರೆಲ್ಲ ಸುತ್ತಿದ್ದರು. ಪ್ರತಿ ಫೋಟೋದಲ್ಲೂ ನಂದೀಶ ಕಾರಿಗೆ ಒರಗಿ, ಕಪ್ಪು ಕನ್ನಡಕ ಹಾಕಿ, ಆ ಕಾರನ್ನು ತಾನೇ ಹೆತ್ತವನಂತೆ ನಿಂತಿದ್ದ.

ಬಂದವರು ಅತ್ತೆಗೆ ಒಂದು ಉಣ್ಣೆಯ ಸ್ವೆಟರು ತಂದರು, ನನ್ನ ಗಂಡನಿಗೆ ಕೈಗಡಿಯಾರ. ನನಗೆ ಒಂದು ಕೀ ಚೈನು, ತುದಿಯಲ್ಲಿ ಬಿಳೀ ಕುರಿ. ನನ್ನ ಹತ್ತಿರ ಇರುವುದು ಡೈರಿ ಬೀರುವಿನ ಕೀ ಒಂದೇ, ಅದೂ ದಾರದಲ್ಲಿ ಕತ್ತಿನಲ್ಲೇ ಇರುತ್ತದೆ. ಕೀ ಇಲ್ಲದವಳಿಗೆ ಕೀ ಚೈನು ಕೊಡುವುದೆಂದರೆ ಏನರ್ಥ? ಅಂದು ನಕ್ಕು ತೆಗೆದುಕೊಂಡೆ. ಆಮೇಲೆ ಹಿತ್ತಲಿಗೆ ಹೋಗಿ ಅದನ್ನು ನೋಡುತ್ತಾ ಹಲ್ಲು ಕಡಿದೆ.

ಕಾಗದದಲ್ಲಿದ್ದ ಇಂಗ್ಲಿಷು ಹಾಲಿನ ಯೂನಿಯನ್ ಆಫೀಸಿನವರು ಕಳಿಸುವ ಇಂಗ್ಲಿಷಿಗಿಂತ ಸುಲಭವಾಗಿತ್ತು. ಡಬ್ಲಿನ್ ಊರಿನ ಸುತ್ತ ಒಂದು ದೊಡ್ಡ ರಸ್ತೆ. ಅಲ್ಲಿ ಟೋಲ್ ಉಂಟು, ಆದರೆ ಗೇಟಿಲ್ಲ, ಗೂಡಿಲ್ಲ, ಕೈ ಚಾಚುವ ಮನುಷ್ಯನಿಲ್ಲ. ಮೇಲಿನ ಕ್ಯಾಮೆರಾ ಕಾರಿನ ನಂಬರ್ ಹಿಡಿದುಕೊಳ್ಳುತ್ತದೆ. ಮಾರನೆಯ ದಿನ ಸಂಜೆಯೊಳಗೆ ನಾವಾಗಿಯೇ ಹೋಗಿ ಕಟ್ಟಬೇಕು. ಇವರು ನಾಲ್ಕು ಸಲ ದಾಟಿದ್ದಾರೆ, ಒಂದು ಸಲವೂ ಕಟ್ಟಿಲ್ಲ. ಕಾರಿನ ಕಂಪನಿಯವರು ಧನಶ್ರೀ ಕೊಟ್ಟಿದ್ದ ಕಾರ್ಡಿನಿಂದ ತೆಗೆದುಕೊಳ್ಳಲು ನೋಡಿದರೆ ಅದು ಬಂದ್ ಆಗಿದೆ. ಪ್ರವಾಸಕ್ಕೆಂದೇ ಮಾಡಿಸಿದ ಕಾರ್ಡು ಅದು, ವಾಪಸ್ ಬಂದ ವಾರದಲ್ಲೇ ನಂದೀಶ ಮುಚ್ಚಿಸಿದ್ದ. ಆದ್ದರಿಂದ ಲೈಸೆನ್ಸಿನ ವಿಳಾಸಕ್ಕೆ ಈ ಕಾಗದ.

ಓದಿ ನಗು ಬಂತು. ನಮ್ಮ ಹೈವೇಯಲ್ಲಿ ನಂದೀಶ ಒಂದು ದಿನ ಸುಮ್ಮನೆ ಟೋಲ್ ಕಟ್ಟಿದವನಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಲೋಕಲ್, ವಕ್ಕಲೇರಿ" ಎನ್ನುತ್ತಾನೆ, ಗೇಟು ಎತ್ತುವವರೆಗೆ ಕೂಗಾಡುತ್ತಾನೆ. ಅವನ ಪಾಲಿಗೆ ಟೋಲ್ ಎಂದರೆ ಅಡ್ಡಗೇಟು ಮತ್ತು ಜಗಳ. ಅವೆರಡೂ ಇಲ್ಲದ ಕಡೆ ಅವನಿಗೆ ಟೋಲ್ ಎಲ್ಲಿಂದ ಕಾಣಬೇಕು?

ಭಾನುವಾರ ಕೊಡೋಣ ಎಂದುಕೊಂಡೇ ಅದನ್ನು ಡೈರಿಯ ಬೀರುವಿನಲ್ಲಿ, ಹಳೆಯ ಹಾಲಿನ ಪುಸ್ತಕಗಳ ಕೆಳಗಿಟ್ಟೆ. ಭಾನುವಾರ ಬಂತು. ನಂದೀಶ ಮುದ್ದೆ ಮುರಿಯುತ್ತಾ, "ಅಲ್ಲಿನ ರೋಡಲ್ಲಿ ನೂರಿಪ್ಪತ್ತರಲ್ಲಿ ಹೋಗ್ತಿದ್ರೂ ಲೋಟದಲ್ಲಿರೋ ನೀರು ಅಲ್ಲಾಡಲ್ಲ ಕಣಣ್ಣ" ಎಂದ. ನನ್ನ ಗಂಡ ಶಿವಕುಮಾರ್ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡೇ, ಓಡಿಸೋದು ಅಂದ್ರೆ ಅದು" ಎಂದರು. ನಾನು ಸಾರು ಬಡಿಸಿದೆ. ಕಾಗದ ಕೊಡಲಿಲ್ಲ.

ಜುಲೈಯಲ್ಲಿ ಎರಡನೆಯದು ಬಂತು. ದಂಡ ಹತ್ತು ಪಟ್ಟು ಏರಿತ್ತು. ಅದೇ ವಾರ ಧನಶ್ರೀ ಒಬ್ಬಳೇ ಬಸ್ಸಿನಲ್ಲಿ ಬಂದು ಡೈರಿಯ ಬಾಗಿಲಲ್ಲಿ ನಿಂತಳು.

"ಅಕ್ಕಾ, ತಂಗಿ ಬಸುರಿ. ಡಿಸೆಂಬರಿಗೆ ಹೆರಿಗೆ. ಬಾಣಂತನಕ್ಕೆ ನಾನೇ ಹೋಗ್ಬೇಕು, ಬೇರೆ ಯಾರಿದ್ದಾರೆ ಹೇಳಿ?"

"ಹೋಗಮ್ಮ. ನಿನ್ನ ತಡೆಯೋರು ಯಾರು?" ಎಂದೆ. ದನಿಯಲ್ಲಿದ್ದ ಹುಳಿ ನನಗೇ ಕೇಳಿಸಿತು.

"ದಸರಾ ಆದ್ಮೇಲೆ ವೀಸಾಗೆ ಹಾಕ್ಬೇಕು. ಅಲ್ಲಿ ಗೇಟಿಲ್ಲದ ಟೋಲ್ ಇರುತ್ತಂತೆ ಅಕ್ಕಾ, ನಮಗೆ ಗೊತ್ತೇ ಆಗ್ಲಿಲ್ಲ. ಬಾಕಿ ಉಳಿದು ಕೋರ್ಟು ಗೀರ್ಟು ಅಂತ ಆದ್ರೆ ವೀಸಾ ಕೊಡ್ದೇ ಹೋದಾರು ಅಂತ ತಂಗಿ ಹೆದರ್ಕೊಂಡಿದ್ದಾಳೆ. ಕಟ್ಟೋಣ ಅಂದ್ರೆ ಕಾರಿನ ನಂಬರ್ ಯಾರಿಗೂ ನೆನಪಿಲ್ಲ. ಇರೋ ಫೋಟೋದಲ್ಲೆಲ್ಲ ಇವ್ರು ನಂಬರ್ ಪ್ಲೇಟಿಗೇ ಅಡ್ಡ ನಿಂತಿದ್ದಾರೆ. ಕಾರಿನವ್ರನ್ನ ಕೇಳಿದ್ರೆ ಎಲ್ಲಾ ನಿಮ್ಮ ಅಡ್ರೆಸ್ಸಿಗೆ ಹೋಗಿದೆ ಅಂತಾರೆ." ಅವಳು ನನ್ನ ಮುಖವನ್ನೇ ನೋಡಿದಳು. "ಕಾಗದ ಏನಾದ್ರೂ ಬಂತಾ ಅಕ್ಕಾ?"

"ಇಲ್ವಲ್ಲ" ಎಂದೆ.

ನನ್ನ ಬೆನ್ನ ಹಿಂದೆಯೇ ಬೀರು ಇತ್ತು. ಅವಳು ಹೋದ ಮೇಲೆ ಮಿಷನ್ನಿನ ಮುಂದೆ ಕೂತು ಯೋಚಿಸಿದೆ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಎರಡು ಸಲ ವಿಮಾನ ಹತ್ತುವವಳಿಗೆ ನಾನು ಕೈ ಹಿಡಿದು ಹತ್ತಿಸಬೇಕೇ? ನಾನು ತಿರುಪತಿಗೆ ಹೋಗಿಯೇ ಆರು ವರ್ಷವಾಗಿದೆ, ಹಾಲು ಅಳೆಯುವವರು ಇಲ್ಲ ಎಂದು. ಅವಳ ತಂಗಿಯ ಬಾಣಂತನಕ್ಕೆ ಅಡ್ಡ ನಿಂತಿದ್ದೇನೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಬೀರುವಿನ ಬೀಗ ತೆಗೆಯಲಿಲ್ಲ.

ಆಗಸ್ಟ್ ಕೊನೆಯಲ್ಲಿ ಮೂರನೆಯದು ಬಂತು. ಇದು ಸ್ವಲ್ಪ ದಪ್ಪಗಿತ್ತು. ನಾಲ್ಕು ಸಲದ್ದೂ ಸೇರಿ ನಮ್ಮ ದುಡ್ಡಿನಲ್ಲಿ ನಲವತ್ತು ಸಾವಿರದ ಮೇಲಾಗಿತ್ತು. ಸೆಪ್ಟೆಂಬರ್ ಹದಿನೈದರೊಳಗೆ ಕಟ್ಟದಿದ್ದರೆ ಕೋರ್ಟಿಗೆ ಎಂದು ಬರೆದಿತ್ತು. ಸಾಕ್ಷಿಗೆಂದು ಹಿಂದಿನ ಹಾಳೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಅಚ್ಚು ಹಾಕಿದ್ದರು. ಕಾರಿನ ಮುಂಭಾಗ, ನಂಬರು, ಗಾಜಿನ ಹಿಂದೆ ಇಬ್ಬರು.

ಒಬ್ಬರು ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಇನ್ನೊಬ್ಬರ ಭುಜದ ಮೇಲೆ ಜಡೆ ಇಳಿಬಿದ್ದಿತ್ತು.

ಯಾರು ಯಾವ ಕಡೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಕಾಗದ ಹಿಡಿದು ಮನೆಯ ಕೊಟ್ಟಿಗೆಗೆ ಹೋದೆ. ಅಲ್ಲಿ ನಮ್ಮ ಹಳೇ ಆಲ್ಟೋ ನಿಂತಿರುತ್ತದೆ. ಅದರ ಮುಂದೆ ನಿಂತು, ಸ್ಟೇರಿಂಗು ಎದುರಿನಿಂದ ನೋಡಿದರೆ ಯಾವ ಪಕ್ಕಕ್ಕೆ ಕಾಣುತ್ತದೆ ಎಂದು ನೋಡಿದೆ, ಫೋಟೋ ನೋಡಿದೆ, ಮತ್ತೆ ಕಾರು ನೋಡಿದೆ. ಅಲ್ಲೂ ಸ್ಟೇರಿಂಗು ನಮ್ಮ ಹಾಗೆ ಬಲಕ್ಕೇ ಎಂದು ನಂದೀಶನೇ ಹತ್ತು ಸಲ ಹೇಳಿದ್ದ. ಜಡೆ ಇದ್ದದ್ದು ಸ್ಟೇರಿಂಗಿನ ಹಿಂದೆ. ಓಡಿಸಿದ್ದು ಧನಶ್ರೀ. ಮೊದಲ ಕವರಿನ ಮೇಲೇ ಅವಳ ಹೆಸರಿತ್ತು. ಅಂಗಡಿಯ ಲೈಸೆನ್ಸು, ಬ್ಯಾಂಕಿನ ಸಾಲ ಎಲ್ಲ ಹೆಂಡತಿಯ ಹೆಸರಿನಲ್ಲೇ ಮಾಡುವವನು ಕಾರನ್ನೂ ಹಾಗೇ ತೆಗೆದಿರಬೇಕು ಎಂದುಕೊಂಡಿದ್ದೆ.

ಅಲ್ಲಿಯವರೆಗೆ ನನಗಿದ್ದದ್ದು ಬರೀ ಹೊಟ್ಟೆಕಿಚ್ಚು. ಆಗ ಹತ್ತಿದ್ದು ಬೆಂಕಿ.

ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಒಟ್ಟಿಗೆ ಕೋಲಾರದ ಡ್ರೈವಿಂಗ್ ಸ್ಕೂಲಿಗೆ ಹೋದೆವು. ಅವಳು ಆಗ ಹೊಸ ಸೊಸೆ. ಎಂಟು ಹಾಕುವ ಪರೀಕ್ಷೆಯಲ್ಲಿ ನಾನು ಮೊದಲನೇ ಸಲಕ್ಕೇ ಪಾಸು, ಅವಳು ಎರಡನೇ ಸಲಕ್ಕೆ. ಈ ಆಲ್ಟೋದಲ್ಲೇ ನಾನು ಮಾಲೂರಿನವರೆಗೂ ಹೋಗಿ ಬಂದಿದ್ದೇನೆ. ಒಂದು ದಿನ ತೋಟದಿಂದ ಬರುವಾಗ "ಅಕ್ಕಾ, ಒಂದೇ ಒಂದ್ಸಲ" ಎಂದಳು, ಕೊಟ್ಟೆ. ಮನೆಯ ಹತ್ತಿರ ಬಂದು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಳು. ಗೇಟಿನ ಕಲ್ಲುಕಂಬ ಎರಡು ತುಂಡಾಯಿತು. ಅದರ ಮೇಲೆ ನಮ್ಮ ಮಾವ ಮುನಿಯಲ್ಲಪ್ಪನವರು ತಮ್ಮ ಹೆಸರು ಕೆತ್ತಿಸಿದ್ದರು.

ಅವಳ ಮದುವೆಯಾಗಿ ನಾಲ್ಕು ತಿಂಗಳು, ಮಾವನ ಹೆಸರಿನ ಕಂಬ ಮುರಿದವಳು ಎಂದರೆ ಅಪಶಕುನದ ಸೊಸೆ ಎನ್ನುತ್ತಾರೆ, ಜನ್ಮಕ್ಕೂ ಬಿಡುವುದಿಲ್ಲ. "ಇಳಿ, ಈ ಕಡೆ ಬಾ" ಎಂದು ನಾನು ಸೀಟು ಬದಲಾಯಿಸಿದೆ. ಜನ ಓಡಿ ಬರುವಷ್ಟರಲ್ಲಿ ಸ್ಟೇರಿಂಗಿನ ಹಿಂದೆ ನಾನಿದ್ದೆ. ಮಾವ ಕೀ ಕಿತ್ತುಕೊಂಡು ಉಡಿದಾರಕ್ಕೆ ಕಟ್ಟಿಕೊಂಡರು. ಅವರು ತೀರಿಕೊಂಡ ಮೇಲೆ ಅದು ನನ್ನ ಗಂಡನ ಸೊಂಟಕ್ಕೆ ಬಂತು. ಕಂಬ ಹೊಸದಾಗಿ ಕಟ್ಟಿಸಿದರು, ಮಾತು ಮಾತ್ರ ಹಾಗೇ ಉಳಿಯಿತು. ಮನೆಯಲ್ಲಿ ಯಾರು ಕಾರಿನ ಮಾತೆತ್ತಿದರೂ ನನ್ನ ಕಂಬದ ಕಥೆ ಬರುತ್ತದೆ. ಧನಶ್ರೀ ತಲೆ ತಗ್ಗಿಸಿ ಕೂರುತ್ತಾಳೆ. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಟ್ಟಿಲ್ಲ. ನನ್ನಿಂದ ಹೋದ ಕೀ ಅವಳ ಕೈಯಲ್ಲಿ ಸಮುದ್ರದ ಪಕ್ಕ ತಿರುಗಿದೆ.

ಕಾರಿನ ಬಾನೆಟ್ಟಿನ ಮೇಲೆ ಧೂಳಿತ್ತು. ಅದರ ಮೇಲೆ ಗುರುತು ಮೂಡುವ ಹಾಗೆ ಕೈ ಊರಿ ನಿಂತಿದ್ದೆ. ಎಲ್ಲರ ಮುಂದೆ ಈ ಫೋಟೋ ಇಡುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಪಿತೃಪಕ್ಷದಲ್ಲಿ ಮಾವನವರಿಗೆ ಎಡೆ ಇಡುವುದು ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಂತು. ಬೆಳಗಿನಿಂದ ಧನಶ್ರೀ ನನ್ನ ಪಕ್ಕದಲ್ಲೇ ಕೂತು ವಡೆ ತಟ್ಟಿದಳು, ನಾನು ಎಣ್ಣೆಗೆ ಬಿಟ್ಟೆ. ಮೂರೂ ಕಾಗದ ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬದ ಹಿಂದಿದ್ದವು. ಮಧ್ಯೆ ಒಂದು ಸಲ ಅವಳು ಮತ್ತೆ ಕೇಳಿದಳು, ಮೆಲ್ಲಗೆ, "ಏನೂ ಬರ್ಲಿಲ್ವಾ ಅಕ್ಕಾ?" ಎಂದು. "ವಡೆ ಕರ್ರಗಾಗುತ್ತೆ, ಬೇಗ ತಟ್ಟು" ಎಂದೆ.

ಎಡೆ ಮುಗಿದು ಗಂಡಸರು ಎಲೆಯ ಮುಂದೆ ಕೂತರು. ಮಾಲೂರಿನಿಂದ ನನ್ನ ಗಂಡನ ಸೋದರಮಾವ ಕೋದಂಡರಾಮಪ್ಪನವರು ಬಂದಿದ್ದರು. ಅವರಿಗೆ ಐರ್ಲೆಂಡಿನ ಕಥೆ ಹೊಸದು.

"ಎಷ್ಟರಲ್ಲಿ ಹೊಡ್ದೆಯೋ ಅಲ್ಲಿ?"

"ನೂರಿಪ್ಪತ್ತು ಮಾವ. ಲೋಟದಲ್ಲಿ ನೀರು ಇಟ್ರೆ..."

"ಕೇಳಿಸ್ಕೊಂಡೇನೇ?" ಸಾರು ಬಡಿಸುತ್ತಿದ್ದ ನನ್ನನ್ನು ನೋಡಿ ನನ್ನ ಗಂಡ ಎಂದರು. "ನೀನು ಹೋಗಿದ್ದಿದ್ರೆ ಆ ದೇಶದಲ್ಲಿ ಒಂದು ಕಂಬ ಉಳೀತಿರಲಿಲ್ಲ."

ಎಲ್ಲರೂ ನಕ್ಕರು. ಸಾರಿನ ಪಾತ್ರೆ ಕೆಳಗಿಟ್ಟು ಒಳಗೆ ಹೋದೆ. ಕಾಗದಗಳನ್ನು ತಂದು ಫೋಟೋ ಇದ್ದ ಮೂರನೆಯದನ್ನು ನಂದೀಶನ ಎಲೆಯ ಪಕ್ಕ ಇಟ್ಟೆ.

"ನೋಡಪ್ಪ. ಓಡಿಸ್ತಿರೋದು ಯಾರು ಅಂತ ನೀನೇ ಹೇಳು."

ಕೋದಂಡರಾಮಪ್ಪನವರು ಎಡಗೈಯಲ್ಲಿ ಹಾಳೆ ಎತ್ತಿಕೊಂಡು ಕನ್ನಡಕದ ಹತ್ತಿರ ಹಿಡಿದರು. "ಲೇ ನಂದೀಶ, ಇದು ಧನಶ್ರೀ ಅಲ್ವೇನೋ? ನೀನ್ಯಾಕೋ ಹಿಂಗೆ ಹಿಡ್ಕೊಂಡಿದ್ದೀಯ, ಬಸ್ಸಲ್ಲಿ ನಿಂತಂಗೆ?"

ಮತ್ತೆ ನಗು. ಈ ಸಲ ನಂದೀಶನ ಮುಖ ಕೆಂಪಾಯಿತು. ನನಗೆ ಎಷ್ಟು ಹಿತವಾಯಿತೆಂದರೆ, ಹನ್ನೊಂದು ವರ್ಷದ ಬಾಯಾರಿಕೆಗೆ ಒಂದು ತಂಬಿಗೆ ನೀರು ಕುಡಿದಂತಾಯಿತು. ಆದರೆ ಅಷ್ಟರಲ್ಲಿ ಧನಶ್ರೀ ಬಂದು ನನ್ನ ಕೈಯಲ್ಲಿದ್ದ ಉಳಿದ ಎರಡು ಕಾಗದ ತೆಗೆದುಕೊಂಡಳು. ಫೋಟೋ ಕಡೆ ಅವಳು ನೋಡಲೂ ಇಲ್ಲ. ಕವರಿನ ಮೇಲಿನ ಸೀಲುಗಳನ್ನು ನೋಡಿದಳು.

"ಜೂನ್" ಎಂದಳು. "ಜುಲೈ." ಕೋದಂಡರಾಮಪ್ಪನವರ ಕೈಯಿಂದ ಮೂರನೆಯದನ್ನೂ ತೆಗೆದುಕೊಂಡು ಓದಿದಳು. "ನಾಳೆ ಕೊನೇ ದಿನ."

ನಗು ನಿಂತುಹೋಯಿತು.

"ಮೂರು ತಿಂಗ್ಳಿಂದ ಇಟ್ಕೊಂಡಿದ್ರಾ ಅಕ್ಕಾ?"

"ಹೂಂ."

"ಬೆಳಿಗ್ಗೆ ಕೇಳ್ದಾಗ್ಲೂ?"

ಮರೆತುಹೋಗಿತ್ತು ಎನ್ನಬಹುದಿತ್ತು. ಬಾಯಿಗೂ ಬಂತು. ಆದರೆ ನೀರು ಬೆರೆಸಿದ ಹಾಲು ತಂದು ಹಸುವಿನ ಮೇಲೆ ಹೇಳುವವರನ್ನು ದಿನಾ ನೋಡುತ್ತೇನೆ, ಅವರ ಹಾಗಾಗಲು ಮನಸ್ಸು ಒಪ್ಪಲಿಲ್ಲ.

"ಹೊಟ್ಟೆಕಿಚ್ಚು ಕಣೇ" ಎಂದೆ, ಎಲ್ಲರ ಮುಂದೆ. "ಮೊದ್ಲು ನೀನು ಹೋಗಿದ್ದಕ್ಕೆ. ಆಮೇಲೆ ನೀನು ಓಡಿಸಿದ್ದಕ್ಕೆ."

ಅತ್ತೆ ಕದಿರಮ್ಮ ಗೋಡೆಗೆ ಒರಗಿದ್ದವರು "ಪೆದ್ದ ಕೋಡಲು ಚೇಸೇ ಪನೇನಾ ಇದಿ?" ಎಂದು ತೆಲುಗಿನಲ್ಲಿ ಗೊಣಗಿದರು, ದೊಡ್ಡ ಸೊಸೆ ಮಾಡುವ ಕೆಲಸವೇ ಇದು ಎಂದು. ನನ್ನ ಗಂಡ ಎಲೆ ಬಿಟ್ಟು ಅರ್ಧ ಎದ್ದರು. "ನಿನಗೆ ಬುದ್ಧಿ ಇದೆಯೇನೇ? ಬೇರೆಯವರ ಕಾಗದ ಕದಿಯೋಕೆ..."

"ಬೈಬೇಡಿ ಭಾವ" ಎಂದಳು ಧನಶ್ರೀ. ಕಾಗದಗಳನ್ನು ಮಡಿಸಿದಳು. "ಅಕ್ಕ ಮೂರು ತಿಂಗ್ಳು ಇಟ್ಕೊಂಡಿದ್ರು. ನಾನು ಹನ್ನೊಂದು ವರ್ಷದಿಂದ ಇಟ್ಕೊಂಡಿದ್ದೀನಿ."

"ಏನನ್ನ?" ಎಂದರು ನನ್ನ ಗಂಡ.

"ಕಂಬ ಬೀಳಿಸಿದ್ದು ನಾನು."

ಅರ್ಧ ಎದ್ದಿದ್ದ ನನ್ನ ಗಂಡ ಮತ್ತೆ ಕೂತರು. ಅವಳೇ ಮುಂದುವರಿಸಿದಳು. "ಜನ ಬರೋಕೆ ಮುಂಚೆ ಅಕ್ಕ ನನ್ನ ಈ ಕಡೆ ಕೂರಿಸಿ, ತಾವು ಆ ಕಡೆ ಕೂತ್ರು. ಕೋಲಾರದಲ್ಲಿ ದಿನಾ ಕಾರು ಓಡಿಸೋದು ನಾನೇ ಭಾವ, ಇವ್ರಿಗೆ ಟ್ರಾಫಿಕ್ ಅಂದ್ರೆ ಭಯ. ಇಲ್ಲಿಗೆ ಬರುವಾಗ ವಕ್ಕಲೇರಿ ಕ್ರಾಸಲ್ಲಿ ನಿಲ್ಲಿಸಿ ಸೀಟು ಬದಲಾಯಿಸ್ತೀವಿ. ಅಕ್ಕ ಗೇಟಲ್ಲಿ ನಿಂತಿರ್ತಾರಲ್ಲ, ಅವ್ರ ಮುಂದೆ ಓಡಿಸ್ಕೊಂಡು ಬರೋಕೆ ನನಗೆ ಮುಖ ಇರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಆ ಕೀ ಚೈನ್ ತಂದಾಗ್ಲೂ ಹೇಳ್ಬೇಕು ಅಂತಾನೇ ತಂದೆ. ಧೈರ್ಯ ಸಾಲ್ಲಿಲ್ಲ."

ನಾನು ಗೆದ್ದಿದ್ದೆ. ಇದೇ ಮಾತು ಇದೇ ಜನರ ಮುಂದೆ ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ! ಬಂದಾಗ ನಾಚಿಕೆಯಾಯಿತು. ಅವಳು ಬಚ್ಚಿಟ್ಟದ್ದು ಹೆದರಿ, ನಾನು ಬಚ್ಚಿಟ್ಟದ್ದು ಕೇಡಿಗೆ. ಅವಳ ತಂಗಿ ಅಷ್ಟು ದೂರದಲ್ಲಿ ಒಬ್ಬಳೇ ಹೆರಬೇಕಾಗಿ ಬರುತ್ತಿತ್ತು.

"ಕಟ್ಟೋಕೆ ಏನು ಬೇಕು?" ಎಂದು ಕೇಳಿದೆ.

"ಹೊಸ ಕಾರ್ಡು ಕೋಲಾರದ ಮನೇಲಿದೆ. ಈಗ್ಲೇ ಹೋದ್ರೆ ಇವತ್ತೇ ಕಟ್ಬೋದು." ಅವಳು ನಂದೀಶನತ್ತ ನೋಡಿದಳು. ಅವನು ಎಲೆ ಮಡಚಿ ಹಿತ್ತಲಿಗೆ ಕೈ ತೊಳೆಯಲು ಹೋಗಿದ್ದ, ಬೇಗ ಬರುವ ಹಾಗೆ ಕಾಣಲಿಲ್ಲ. ಅವನ ಕಾರಿನ ಕೀ ಅವನ ಜೇಬಿನಲ್ಲೇ ಇತ್ತು.

ನಾನು ಗಂಡನ ಮುಂದೆ ಕೈ ಚಾಚಿದೆ. "ಕೀ ಕೊಡಿ."

"ಈಗ್ಲಾ? ಹನ್ನೊಂದು ವರ್ಷ ಆಯ್ತಲ್ಲೇ ನೀನು ಮುಟ್ಟಿ."

"ಅದಕ್ಕೇ ಕೊಡಿ."

ಅವರು ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು, ಎಡಗೈಯಿಂದ ಸೊಂಟದ ದಾರ ಬಿಚ್ಚಲು ಒದ್ದಾಡಿದರು. ಗಂಟು ಬಿಗಿಯಾಗಿತ್ತು. ಕೊನೆಗೆ ಕೋದಂಡರಾಮಪ್ಪನವರೇ ಬಿಚ್ಚಿ ಕೊಟ್ಟರು. ನಾನು ಒಳಗೆ ಹೋಗಿ ಲೈಸೆನ್ಸು ತೆಗೆದುಕೊಂಡೆ, ಟ್ರಂಕಿನ ಮೂಲೆಯಲ್ಲಿದ್ದ ಕುರಿಯನ್ನೂ ತಂದು ಕೀಗೆ ಸಿಕ್ಕಿಸಿದೆ.

ಆಲ್ಟೋ ಎರಡು ಸಲ ನಿಂತುಹೋಯಿತು. ಮೂರನೇ ಸಲ ಕೆಮ್ಮುತ್ತಾ ಕೊಟ್ಟಿಗೆಯಿಂದ ಹೊರಗೆ ಬಂತು. ಧನಶ್ರೀ ಪಕ್ಕದಲ್ಲಿ ಕೂತು ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ದಂಡದಲ್ಲಿ ಅರ್ಧ ನನ್ನದು" ಎಂದೆ. "ಬೋನಸ್ ಬಂದಾಗ ಕೊಡ್ತೀನಿ."

"ಅರ್ಧ ಅಲ್ಲ ಅಕ್ಕಾ, ಮುಕ್ಕಾಲು" ಎಂದಳು. ಅವಳಿಗೂ ಸಿಟ್ಟಿತ್ತು, ಇರಬೇಕಾದದ್ದೇ. ನಾನು ಒಪ್ಪಿದೆ.

ಹೊಟ್ಟೆಕಿಚ್ಚು ಆರಿತೇ ಎಂದು ಕೇಳಿದರೆ, ಇಲ್ಲ. ಅವಳು ಸಮುದ್ರದ ಪಕ್ಕ ಓಡಿಸಿದವಳು, ಡಿಸೆಂಬರಿನಲ್ಲಿ ಮತ್ತೆ ಓಡಿಸುತ್ತಾಳೆ. ನಾನು ಕೋಲಾರಕ್ಕೆ ಹೋಗಿ ಸಂಜೆಯ ಹಾಲಿಗೆ ವಾಪಸ್ ಬರಬೇಕಾದವಳು. ಅದನ್ನು ನೆನೆದರೆ ಈಗಲೂ ಎದೆಯಲ್ಲಿ ಚುರುಕ್ಕೆನ್ನುತ್ತದೆ.

ಗೇಟಿನ ಹತ್ತಿರ ಬಂದೆವು. ಕಂಬ ನನ್ನ ಬಲಗಡೆ, ಒಂದು ಮೊಳದಷ್ಟು ದೂರ. ಮನೆಯವರೆಲ್ಲ ಜಗಲಿಯ ಮೇಲೆ ಸಾಲಾಗಿ ನಿಂತಿದ್ದರು. ಪಕ್ಕಕ್ಕೆ ನೋಡಿದರೆ ಧನಶ್ರೀ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು.

"ಕೈ ಬಿಡೇ" ಎಂದೆ. "ಕಂಬ ನನಗೆ ಕಾಣಿಸ್ತಿದೆ. ಅವತ್ತೂ ಕಾಣಿಸಿತ್ತು."